ಮಾನಿಟರ್ ಧ್ವನಿವರ್ಧಕದ ಆಯ್ಕೆ: ಕೆಲವು ವಿಚಾರಗಳು

ಸಂಗೀತದ ಧ್ವನಿಮುದ್ರಣದಲ್ಲಿ ಕೊನೆಯ ತೀರ್ಪು ಕಿವಿಯದು. ಆದರೆ ಕಿವಿಯು ತೀರ್ಪು ನೀಡುವುದು ಧ್ವನಿವರ್ಧಕವು ನುಡಿಯುವ ಸಾಕ್ಷ್ಯವನ್ನು ನಂಬಿ. ಬೇರೆ ಬೇರೆಯಾಗಿ ಮುದ್ರಿಸಿದ ಕಂಠ, ವಾದ್ಯಗಳ ಧ್ವನಿಗಳನ್ನು ಪ್ರಮಾಣವರಿತು ಒಂದುಗೂಡಿಸುವುದು ಮಿಕ್ಸಿಂಗ್. ಹಾಗೆ ಕೂಡಿಸಿದುದನ್ನು ಪ್ರಕಟಣೆಗೆ ಮುನ್ನ ಕೊನೆಯ ಬಾರಿ ತಿದ್ದಿ ಅಣಿಗೊಳಿಸುವುದು ಮಾಸ್ಟರಿಂಗ್. ಈ ಎರಡು ಕಾರ್ಯಗಳಿಗೆ ಬಳಸುವ ಧ್ವನಿವರ್ಧಕಕ್ಕೆ ಮಾನಿಟರ್ ಎಂದು ಹೆಸರು. ಇದನ್ನು ಯಾವ ತತ್ತ್ವದ ಮೇಲೆ ಆರಿಸಬೇಕೆಂಬುದನ್ನು ಇಲ್ಲಿ ವಿಚಾರಮಾಡೋಣ.

ಮನೆಯ ಧ್ವನಿವರ್ಧಕದ ಗುರಿ ಕೇಳುಗನ ಸಂತೋಷ. ಮಾನಿಟರಿನ ಗುರಿ ದೋಷದರ್ಶನ. ಈ ಭೇದಕ್ಕೆ ಜಪಾನಿನ ಯಮಾಹಾ ಸಂಸ್ಥೆಯ ಎನ್.ಎಸ್. 10 ಎಂಬ ಧ್ವನಿವರ್ಧಕವು ಒಳ್ಳೆಯ ನಿದರ್ಶನ. 1978ರಲ್ಲಿ ಮನೆಬಳಕೆಗೆಂದು ಹೊರಬಂದ ಇದನ್ನು ಸಂಗೀತಪ್ರಿಯರು ಅಷ್ಟಾಗಿ ಮೆಚ್ಚಲಿಲ್ಲ. ಇದರಲ್ಲಿ ಮಂದ್ರಧ್ವನಿ ಕಡಮೆ, ಮಧ್ಯಧ್ವನಿ ಎದ್ದು ಕಾಣುವಷ್ಟು ಹೆಚ್ಚು. ತಾರಧ್ವನಿಯ ತೀಕ್ಷ್ಣತೆಯನ್ನು ತಾಳಲಾರದೆ ಟ್ವೀಟರಿನ ಮುಂದೆ ತೆಳುಕಾಗದ ಕಟ್ಟಿದವರೂ ಉಂಟು. ಆದರೂ 2001ರಲ್ಲಿ ತಯಾರಿಕೆ ನಿಲ್ಲುವವರೆಗೆ ಲೋಕದ ಅನೇಕ ಧ್ವನಿಮುದ್ರಣಾಲಯಗಳಲ್ಲಿ ಇದು ನೆಲೆನಿಂತಿತು.

ಇದಕ್ಕೆ ಕಾರಣವೇನು? 2001ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಪ್ರಯೋಗಾಲಯದಲ್ಲಿ ನಡೆದ ಮಾಪನಗಳು ಇದರ ಮೇಲೆ ಬೆಳಕು ಚೆಲ್ಲಿದುವು. ಇದರ ಪೆಟ್ಟಿಗೆ ಪೂರ್ತಿ ಮುಚ್ಚಿದ್ದು. ವಿದ್ಯುತ್ಸಂಕೇತ ನಿಂತೊಡನೆ ಧ್ವನಿಯೂ ಬಹು ಬೇಗ ನಿಲ್ಲುತ್ತದೆ. ಮಂದ್ರಧ್ವನಿಯನ್ನು ಹಿಗ್ಗಿಸಲು ಪೆಟ್ಟಿಗೆಗೆ ರಂಧ್ರವಿಟ್ಟ ಮಾದರಿಗಳಲ್ಲಿ ಧ್ವನಿಯು ಕ್ಷಣಕಾಲ ಹಿಂದುಳಿದು ಮುಂದಿನ ಪೆಟ್ಟನ್ನು ಮಸುಕುಗೊಳಿಸುವ ಸಂಭವವುಂಟು. ಆದುದರಿಂದ ಯಾವ ಯಾವ ಆವೃತ್ತಿಗಳು ಎಷ್ಟೆಷ್ಟು ಕೇಳುತ್ತವೆ ಎಂಬುದರಂತೆಯೇ, ಧ್ವನಿಯು ಎಷ್ಟು ಬೇಗ ಅಡಗುತ್ತದೆ ಎಂಬುದನ್ನೂ ಪರೀಕ್ಷಿಸಬೇಕು. ಹೀಗೆಂದು ಎನ್.ಎಸ್. 10 ಎಲ್ಲಕ್ಕೂ ಸಾಲದು. ಮಾಸ್ಟರಿಂಗಿನಲ್ಲಿ ಮಂದ್ರದ ತಳದವರೆಗೂ ಕೇಳಲೇಬೇಕಾದುದರಿಂದ ಅಲ್ಲಿಗೆ ವಿಸ್ತಾರವಾದ ವ್ಯಾಪ್ತಿಯುಳ್ಳ ಮಾನಿಟರ್ ಬೇಕು.

ಧ್ವನಿವರ್ಧಕದಷ್ಟೇ ಮುಖ್ಯವಾದುದು ಅದನ್ನಿರಿಸುವ ಕೊಠಡಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರು. 4.2 ಮೀಟರು ಉದ್ದದ ಕೊಠಡಿಯಲ್ಲಿ ಅದರ ಇಮ್ಮಡಿ, ಎಂದರೆ 8.4 ಮೀಟರು, ತರಂಗದೂರವುಳ್ಳ ಧ್ವನಿಯು ಎದುರುಬದುರು ಗೋಡೆಗಳ ನಡುವೆ ಸ್ಥಾಯೀ ತರಂಗವಾಗುತ್ತದೆ. ಇದರ ಆವೃತ್ತಿ ಸುಮಾರು 41 ಹರ್ಟ್ಸ್. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಮಂದ್ರಸ್ವರದ ಆವೃತ್ತಿಯೂ ಅಷ್ಟೇ. ಈ ಸ್ವರವು ಗೋಡೆಗಳ ಬಳಿ ಗುಡುಗುತ್ತದೆ, ಕೊಠಡಿಯ ನಡುವೆ ಬಹುಮಟ್ಟಿಗೆ ಅಡಗುತ್ತದೆ. ನಡುವೆ ಕುಳಿತು ಕೇಳುವವನು ಮಂದ್ರವು ಸಾಲದೆಂದು ಭ್ರಮಿಸಿ ಅದನ್ನು ಏರಿಸುತ್ತಾನೆ. ಕೇಳುಗನ ಮನೆಯಲ್ಲಿ ಅದೇ ಮಂದ್ರವು ಗಾಯಕನ ಕಂಠವನ್ನು ನುಂಗುತ್ತದೆ. ಎಷ್ಟು ಬೆಲೆಯ ಮಾನಿಟರ್ ತಂದರೂ ಈ ದೋಷ ನೀಗದು. ಗೋಡೆಗೆ ಹಚ್ಚಿದ ತೆಳುವಾದ ಹಾಸು ತಾರಧ್ವನಿಯನ್ನು ಮಾತ್ರ ಹೀರುತ್ತದೆ. ಮಂದ್ರಕ್ಕೆ ಮೂಲೆಗಳಲ್ಲಿ ದಪ್ಪನಾದ ಶೋಷಕಗಳು ಬೇಕು, ಕುಳಿತುಕೊಳ್ಳುವ ಸ್ಥಳವೂ ನಡುವಿನಿಂದ ಸರಿಯಬೇಕು.

ಇನ್ನೊಂದು ಅಂಶವನ್ನೂ ಮರೆಯಲಾಗದು. ಧ್ವನಿಯ ಮಟ್ಟ ಇಳಿದಂತೆ ಕಿವಿಗೆ ಮಂದ್ರವು ಹೆಚ್ಚಾಗಿ ಕುಗ್ಗಿ ಕೇಳುತ್ತದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿದರು. ಆದಕಾರಣ ಎರಡು ಮಾನಿಟರುಗಳನ್ನು ಹೋಲಿಸುವಾಗ ಧ್ವನಿಮಟ್ಟವನ್ನು ಸಮಗೊಳಿಸಬೇಕು. ಇಲ್ಲವಾದರೆ ಜೋರಾಗಿ ನುಡಿದುದೇ ಉತ್ತಮವೆಂದು ತೋರೀತು.

ಒಟ್ಟಿನಲ್ಲಿ ಕ್ರಮವು ಹೀಗಿರಬೇಕು: ಮೊದಲು ಕೊಠಡಿಯ ಅಳತೆ, ಆಮೇಲೆ ಅದಕ್ಕೆ ತಕ್ಕ ಗಾತ್ರದ ಮಾನಿಟರ್, ಎರಡು ಮಾನಿಟರುಗಳೂ ಕೇಳುವವನೂ ಸಮಬಾಹು ತ್ರಿಕೋನದ ಮೂರು ಮೂಲೆಗಳಲ್ಲಿರುವಂತೆ ಏರ್ಪಾಡು, ಚೆನ್ನಾಗಿ ಪರಿಚಯವಿರುವ ಧ್ವನಿಮುದ್ರಿಕೆಗಳಿಂದ ಪರೀಕ್ಷೆ. ಕೊನೆಗೆ, ಅದರ ಮುಂದೆ ಕುಳಿತು ಮಾಡಿದ ಮಿಶ್ರಣವನ್ನು ಕಾರಿನಲ್ಲಿ, ಸಾಮಾನ್ಯ ರೇಡಿಯೋದಲ್ಲಿ, ಇಯರ್‌ಫೋನಿನಲ್ಲಿ ಕೇಳಬೇಕು. ಅಲ್ಲೆಲ್ಲ ಕಂಠವೂ ವಾದ್ಯವೂ ತಮ್ಮ ತಮ್ಮ ಸ್ಥಾನದಲ್ಲಿ ನಿಂತರೆ ಮಾನಿಟರು ನಿಜ ನುಡಿದಿದೆಯೆಂದು ತಿಳಿಯಬಹುದು. ಮುದ್ರಿಕೆ ಒಮ್ಮೆ ಹೊರಬಿದ್ದ ಮೇಲೆ ಅದನ್ನು ತಿದ್ದಿ ಹಿಂದಕ್ಕೆ ತರುವುದು ಸುಲಭವಲ್ಲ. ಆದುದರಿಂದ ಹಿತವಾಗಿ ನುಡಿಯುವ ಧ್ವನಿವರ್ಧಕಕ್ಕಿಂತ ನಿಜ ನುಡಿಯುವುದನ್ನೇ ನಾವು ಆರಿಸಬೇಕು.