ವರ್ಚುವಲ್ ಸರ್ವರ್‌ಗಳ ನಿರ್ವಹಣಾ ಸರ್ವರ್‌ಗೆ ರಕ್ಷಣೆ: ಅರ್ಜಿದಾರರಿಗೆ ಮಾಹಿತಿ

ಜಾತಿ, ಆದಾಯ ಪ್ರಮಾಣ ಪತ್ರ ಮುಂತಾದ ಸೇವೆಗಳಿಗೆ ನಾಗರಿಕರು ಆನ್‌ಲೈನ್ ಮೂಲಕ ಸಲ್ಲಿಸುವ ಅರ್ಜಿಗಳನ್ನು ದತ್ತಾಂಶ ಕೇಂದ್ರದ ಸರ್ವರ್‌ಗಳು ಸ್ವೀಕರಿಸುತ್ತವೆ. ಇಂತಹ ಕೇಂದ್ರಗಳಲ್ಲಿ ಒಂದು ಭೌತಿಕ ಯಂತ್ರದ ಸಾಮರ್ಥ್ಯವನ್ನು ಹಂಚಿ, ಅದರಲ್ಲಿಯೇ ಹಲವು ವರ್ಚುವಲ್ ಸರ್ವರ್‌ಗಳನ್ನು ನಡೆಸುವ ವಿಧಾನವು ವ್ಯಾಪಕ ಬಳಕೆಯಲ್ಲಿದೆ. ಇವೆಲ್ಲವನ್ನೂ ಒಂದೆಡೆಯಿಂದ ನಿಯಂತ್ರಿಸುವುದು ನಿರ್ವಹಣಾ ಸರ್ವರ್. ವಿಎಂವೇರ್ ವಿಸೆಂಟರ್ ಸರ್ವರ್ ಇದಕ್ಕೊಂದು ಉದಾಹರಣೆ.

ನಿರ್ವಹಣಾ ಸರ್ವರ್ ಸ್ಥಗಿತಗೊಂಡಲ್ಲಿ

ಇದು ನಿಂತ ಮಾತ್ರಕ್ಕೆ ಸೇವೆಗಳು ನಿಲ್ಲುವುದಿಲ್ಲ. ಚಾಲನೆಯಲ್ಲಿರುವ ವರ್ಚುವಲ್ ಸರ್ವರ್‌ಗಳು ಕಾರ್ಯನಿರ್ವಹಿಸುತ್ತಲೇ ಇರುತ್ತವೆ. ಸ್ವೀಕೃತವಾದ ಅರ್ಜಿಗಳು ಈ ಕಾರಣದಿಂದ ಅಳಿಸಿಹೋಗುವುದಿಲ್ಲ. ಆದರೆ ಹೊಸ ವರ್ಚುವಲ್ ಸರ್ವರ್‌ಗಳ ರಚನೆಗೆ, ಹೊರೆ ಹೆಚ್ಚಾದ ಯಂತ್ರದಿಂದ ಬೇರೊಂದು ಯಂತ್ರಕ್ಕೆ ಸ್ಥಳಾಂತರಿಸುವ ಕಾರ್ಯಕ್ಕೆ ಅಡಚಣೆಯಾಗುತ್ತದೆ. ಅರ್ಜಿ ಸಲ್ಲಿಕೆಯ ಕೊನೆಯ ದಿನದ ದಟ್ಟಣೆಯಲ್ಲಿ ಹೀಗಾದರೆ ಸೇವೆಯು ನಿಧಾನವಾಗಬಹುದು.

ರಕ್ಷಣಾ ಕ್ರಮಗಳು

1. ಮರುಚಾಲನೆ: ನಿರ್ವಹಣಾ ಸರ್ವರ್ ಸಹ ಸಾಮಾನ್ಯವಾಗಿ ಒಂದು ವರ್ಚುವಲ್ ಸರ್ವರ್ ಆಗಿರುತ್ತದೆ. ಅದನ್ನು ನಡೆಸುವ ಯಂತ್ರವು ಕೆಟ್ಟಲ್ಲಿ, ಗುಂಪಿನ ಮತ್ತೊಂದು ಯಂತ್ರದಲ್ಲಿ ತಾನಾಗಿಯೇ ಮರುಚಾಲನೆಗೊಳ್ಳುವಂತೆ ವ್ಯವಸ್ಥೆ ಮಾಡಬಹುದು. ಕೆಲವು ನಿಮಿಷಗಳ ವಿರಾಮ ಮಾತ್ರ ಉಂಟಾಗುತ್ತದೆ.

2. ಮೀಸಲು ಪ್ರತಿ: 2016ರಲ್ಲಿ ಬಿಡುಗಡೆಯಾದ ವಿಸ್ಫಿಯರ್ 6.5 ಆವೃತ್ತಿಯಲ್ಲಿ ವಿಸೆಂಟರ್‌ಗೆ ಮೂರು ಘಟಕಗಳ ವ್ಯವಸ್ಥೆಯನ್ನು ಒದಗಿಸಲಾಯಿತು. ಸಕ್ರಿಯ ಘಟಕವು ಕೆಲಸ ಮಾಡುತ್ತದೆ. ಅದರ ದತ್ತಾಂಶವನ್ನು ಪಡೆಯುತ್ತಿರುವ ಮೀಸಲು ಘಟಕವು ಅಗತ್ಯವಾದಾಗ ಹೊಣೆ ವಹಿಸಿಕೊಳ್ಳುತ್ತದೆ. ಎರಡರ ನಡುವಿನ ಸಂಪರ್ಕ ಕಡಿದಾಗ ಎರಡೂ ಏಕಕಾಲಕ್ಕೆ ಸಕ್ರಿಯವಾಗದಂತೆ ತಡೆಯುವುದು ಮೂರನೆಯ ಸಾಕ್ಷಿ ಘಟಕ. ಈ ಮೂರೂ ಪ್ರತ್ಯೇಕ ಭೌತಿಕ ಯಂತ್ರಗಳಲ್ಲಿರುವುದು ಸೂಕ್ತ.

3. ಬ್ಯಾಕಪ್: ತಪ್ಪಾಗಿ ಅಳಿಸಿದ ಮಾಹಿತಿಯು ಮೀಸಲು ಘಟಕದಿಂದಲೂ ಅಳಿಸಿಹೋಗುತ್ತದೆ. ಆದ್ದರಿಂದ ಬ್ಯಾಕಪ್ ಪ್ರತಿಯನ್ನು ಬೇರೆಡೆ ಸಂಗ್ರಹಿಸಿ, ಅದರಿಂದ ವ್ಯವಸ್ಥೆಯನ್ನು ಮರುಸ್ಥಾಪಿಸಲು ಸಾಧ್ಯವೇ ಎಂಬುದನ್ನು ಆಗಾಗ್ಗೆ ಪರೀಕ್ಷಿಸುವುದು ಅವಶ್ಯಕ. ಅರ್ಜಿಗಳ ದತ್ತಾಂಶಕ್ಕೆ ಪ್ರತ್ಯೇಕ ಬ್ಯಾಕಪ್ ಇರಬೇಕು. ನಿರ್ವಹಣಾ ಸರ್ವರ್‌ನ ಬ್ಯಾಕಪ್‌ನಲ್ಲಿ ಅದು ಸೇರಿರುವುದಿಲ್ಲ.

ಅರ್ಜಿದಾರರ ಗಮನಕ್ಕೆ

ಅರ್ಜಿ ಸಲ್ಲಿಸಿದ ನಂತರ ದೊರೆಯುವ ಸ್ವೀಕೃತಿ ಸಂಖ್ಯೆಯನ್ನು ಅರ್ಜಿದಾರರು ಬರೆದಿಟ್ಟುಕೊಳ್ಳುವುದು. ಸಲ್ಲಿಕೆಯ ನಡುವೆ ಸಂಪರ್ಕ ಕಡಿತವಾಗಿ ಸ್ವೀಕೃತಿ ಸಂಖ್ಯೆ ದೊರೆಯದಿದ್ದಲ್ಲಿ, ಅರ್ಜಿಯ ಸ್ಥಿತಿ ಹಾಗೂ ಶುಲ್ಕ ಪಾವತಿಯನ್ನು ಪರಿಶೀಲಿಸಿದ ನಂತರವೇ ಮತ್ತೊಮ್ಮೆ ಅರ್ಜಿ ಸಲ್ಲಿಸುವುದು. ಕೊನೆಯ ದಿನದವರೆಗೆ ಕಾಯದೆ ಮುಂಚಿತವಾಗಿಯೇ ಅರ್ಜಿ ಸಲ್ಲಿಸುವುದು ಸೂಕ್ತ.