ಪದೇ ಪದೇ ಕೇಳುವ ಸಹೋದ್ಯೋಗಿ

ತಾವೇ ನೋಡಿ ತಿಳಿಯಬಹುದಾದುದನ್ನು ದಿನಕ್ಕೆ ಹತ್ತು ಬಾರಿ ಕೇಳುವ ಸಹೋದ್ಯೋಗಿಗಳು ಎಲ್ಲ ಕಡೆಯೂ ಇರುತ್ತಾರೆ. ಹಿಡಿದ ಕೆಲಸ ನಡುವೆ ನಿಲ್ಲುತ್ತದೆ, ಕೋಪ ಏರುತ್ತದೆ. ಚರಕಾಚಾರ್ಯರು ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ ಹಸಿವು, ನಿದ್ರೆಗಳಂತಹ ದೇಹದ ವೇಗಗಳನ್ನು ತಡೆಯಬಾರದೆಂದೂ ಕ್ರೋಧದಂತಹ ಮನೋವೇಗಗಳನ್ನು ತಡೆಯಬೇಕೆಂದೂ ವಿಧಿಸಿದ್ದಾರೆ.

ಔಷಧಾಲಯವನ್ನೇ ನೋಡಿರಿ. ಚೂರ್ಣದ ಪ್ರಮಾಣ, ಅನುಪಾನಗಳು ಚೀಟಿಯಲ್ಲಿದ್ದರೂ ಸಹಾಯಕನು ಮತ್ತೆ ಕೇಳುತ್ತಾನೆ. ಗದರಿದರೆ ಮರುದಿನ ಕೇಳಲು ಅಂಜುತ್ತಾನೆ; ನಿಜವಾದ ಸಂದೇಹ ಬಂದಾಗಲೂ ಊಹಿಸಿ ಕೊಡುತ್ತಾನೆ. ಅದರ ಫಲವನ್ನು ಉಣ್ಣುವವನು ರೋಗಿ. ಹಾಗೆಂದು ಪ್ರತಿ ಸಲವೂ ಸಿದ್ಧ ಉತ್ತರವನ್ನಿತ್ತರೆ ಆತನ ಬುದ್ಧಿಗೂ ಸ್ಮೃತಿಗೂ ವ್ಯಾಯಾಮವೇ ಇಲ್ಲದಂತಾಗುತ್ತದೆ.

ಆದುದರಿಂದ ಚಿಕಿತ್ಸೆಗೆ ಮೊದಲು ಕಾರಣವನ್ನು ಅರಿಯಬೇಕು. ತಪ್ಪಾದೀತೆಂಬ ಭಯದಿಂದ ಕೇಳುವವನಿಗೆ ಧೈರ್ಯ ಹೇಳಿರಿ. ಎಲ್ಲಿ ನೋಡಬೇಕೆಂದು ತಿಳಿಯದವನಿಗೆ ಆ ಪುಟವನ್ನೇ ತೆರೆದು ತೋರಿಸಿರಿ. ಅಭ್ಯಾಸಬಲದಿಂದ ಕೇಳುವವನಿಗೆ, "ನಿಮಗೆ ಏನೆನಿಸುತ್ತದೆ? ನೋಡಿಕೊಂಡು ಬನ್ನಿ, ಊಟದ ವೇಳೆಯಲ್ಲಿ ಮಾತನಾಡೋಣ" ಎಂದು ಮೃದುವಾಗಿ ಹೇಳಿರಿ. ಹೇಳಿದ ಉತ್ತರವನ್ನು ಅವರ ಕೈಯಿಂದಲೇ ಒಂದು ಪುಸ್ತಕದಲ್ಲಿ ಬರೆಯಿಸಿರಿ. ಆದರೆ ಪರರ ಜೀವಕ್ಕೆ, ಹಣಕ್ಕೆ ಸಂಬಂಧಿಸಿದ ಸಂದೇಹಕ್ಕೆ ಕಾಯಿಸದೆ ಉತ್ತರಿಸಿರಿ.

ವಿಮಾನಸ್ಥಾನದ 8ನೆಯ ಅಧ್ಯಾಯವು ಜ್ಞಾನೋಪಾಯಗಳು ಮೂರೆಂದು ತಿಳಿಸುತ್ತದೆ: ಅಧ್ಯಯನ, ಅಧ್ಯಾಪನ, ಒಂದೇ ವಿದ್ಯೆಯವರ ಪರಸ್ಪರ ಸಂಭಾಷಣೆ. ಅಧ್ಯಯನ ಮಾಡಿ ಬಂದವನೊಡನೆ ಸಂಭಾಷಣೆ ಸೊಗಸು. ಅದರಿಂದ ಉತ್ತರಿಸುವವನ ಅರಿವೂ ಬೆಳೆಯುತ್ತದೆ. ಪ್ರಶ್ನೆಯ ಬಾಗಿಲನ್ನು ಮುಚ್ಚದಿರಿ; ಮೊದಲ ಹೆಜ್ಜೆಯನ್ನು ಮಾತ್ರ ಅವರಿಗೇ ಬಿಡಿರಿ.