ಫೋನಿಗೂ ಬರಲಿ ಕುಂದಾಪ್ರ ಕನ್ನಡ

ಗಂಗೊಳ್ಳಿ ಬಂದರಿನಲ್ಲಿ ಬಲೆ ಬಿಡಿಸುತ್ತಾ ಕುಳಿತವರಿಗೆ ಮನೆಯಿಂದ ಕರೆ ಬಂದರೆ ಒದ್ದೆ ಕೈಯಲ್ಲಿ ಫೋನು ಎತ್ತುವುದೇ ಕಷ್ಟ. ಸ್ಮಾರ್ಟ್‌ಫೋನಿನ ಗಾಜಿನಡಿಯಲ್ಲಿ ದುರ್ಬಲವಾದ ವಿದ್ಯುತ್ ಕ್ಷೇತ್ರವೊಂದಿರುತ್ತದೆ. ಬೆರಳು ತಾಗಿದಲ್ಲಿ ಅದು ತುಸು ಬದಲಾಗುತ್ತದೆ. ಎಲ್ಲಿ ಮುಟ್ಟಿದರು ಎಂಬುದು ಫೋನಿಗೆ ತಿಳಿಯುವುದು ಇದರಿಂದಲೇ. ಉಪ್ಪುನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ಪರದೆಯ ಮೇಲೆ ಬಿದ್ದ ಹನಿಯನ್ನೂ ಫೋನು ಬೆರಳೆಂದು ತಿಳಿದುಬಿಡಬಹುದು. ಅತ್ತ ಸಿದ್ದಾಪುರ, ಶಂಕರನಾರಾಯಣದ ಕಡೆ ಅಡಿಕೆ ಸುಲಿಯುವವರ ಕೈಗೆ ಚೊಗರು ಮೆತ್ತಿರುತ್ತದೆ. ಕೈ ಬಿಡುವಿಲ್ಲದ ಇಂಥವರಿಗೆ ಬಾಯಿಮಾತಿನಲ್ಲೇ ಫೋನನ್ನು ನಡೆಸಲು ಬಂದರೆ ಅದು ನಿಜವಾದ ಅನುಕೂಲ.

ವಾಯ್ಸ್ ಅಸಿಸ್ಟೆಂಟ್ ಮಾಡಿಕೊಡುವ ಕೆಲಸಗಳು ಚಿಕ್ಕವು, ಆದರೆ ದಿನವೂ ಬೇಕಾದವು. ಇಂಥವರಿಗೆ ಕರೆ ಮಾಡು ಎಂದರೆ ಮಾಡುತ್ತದೆ, ಬೆಳಗಿನ ಜಾವಕ್ಕೆ ಅಲಾರಂ ಇಡುತ್ತದೆ, ಮಾತ್ರೆ ತೆಗೆದುಕೊಳ್ಳುವ ಹೊತ್ತನ್ನು ನೆನಪಿಸುತ್ತದೆ. ಕನ್ನಡ ಕೀಬೋರ್ಡಿನಲ್ಲಿ ಒತ್ತಕ್ಷರ ಹುಡುಕಿ ಸುಸ್ತಾದವರು ಮೈಕಿನ ಗುರುತು ಒತ್ತಿ ಮಾತಾಡಿದರೆ ವಾಟ್ಸಾಪ್ ಸಂದೇಶ ಅಕ್ಷರವಾಗಿ ಮೂಡುತ್ತದೆ. ಹೆದ್ದಾರಿ 66ರಲ್ಲಿ ಬೈಂದೂರಿನತ್ತ ಹೊರಟ ಚಾಲಕ ಪರದೆ ನೋಡದೆಯೇ ದಾರಿ ಕೇಳಿಕೊಳ್ಳಬಹುದು. ಕಣ್ಣು ಕಾಣದವರಿಗಂತೂ ಇದು ಅನುಕೂಲಕ್ಕಿಂತ ಹೆಚ್ಚಿನದು: ಪರದೆಯ ಮೇಲಿರುವುದನ್ನು ಓದಿಹೇಳುವ ತಂತ್ರಾಂಶ ಮತ್ತು ಮಾತಿನಲ್ಲೇ ಕೊಡುವ ಆದೇಶ, ಇವೆರಡೂ ಸೇರಿದರೆ ಬೇರೆಯವರ ನೆರವಿಲ್ಲದೆ ಫೋನು ಬಳಸಬಹುದು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ‘ನಾಳೆಯ ಹವಾಮಾನ’ ಎಂದು ಕೇಳಿದರೆ ಅಸಿಸ್ಟೆಂಟ್ ಸಾಮಾನ್ಯವಾಗಿ ಹೇಳುವುದು ಊರಿನ ಮಳೆ, ಬಿಸಿಲಿನ ಲೆಕ್ಕ. ಅಲೆಯ ಎತ್ತರ, ಕಡಲಿನ ಗಾಳಿ, ಸಾಗರ ಪ್ರವಾಹಗಳ ಮುನ್ಸೂಚನೆ ಕೊಡುವುದು ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರ ‘ಇನ್‌ಕಾಯಿಸ್’. ದೋಣಿ ಇಳಿಸುವ ಮುನ್ನ ನೋಡಬೇಕಾದದ್ದು ಆ ಎಚ್ಚರಿಕೆಯನ್ನು.

ಫೋನಿಗೆ ಮಾತು ತಿಳಿಯುವುದು ಹೇಗೆ? ಗಾಳಿಯ ಕಂಪನವನ್ನು ಮೈಕು ವಿದ್ಯುತ್ ಅಲೆಯಾಗಿಸುತ್ತದೆ. ಆ ಅಲೆಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 16,000 ಬಾರಿ ಅಳೆದು ಅಂಕಿಗಳನ್ನಾಗಿ ಮಾಡಲಾಗುತ್ತದೆ. ಬಳಿಕ ಸುಮಾರು 25 ಮಿಲಿಸೆಕೆಂಡಿನ ತುಣುಕುಗಳಲ್ಲಿ ಯಾವ ಯಾವ ಆವರ್ತನ ಎಷ್ಟು ಜೋರಾಗಿದೆ ಎಂದು ಲೆಕ್ಕ ಹಾಕಲಾಗುತ್ತದೆ. ‘ಸ’ ಎಂದಾಗ ಮೇಲಿನ ಆವರ್ತನಗಳು ಎದ್ದು ಕಾಣುತ್ತವೆ. ‘ಊ’ ಎಂದಾಗ ಕೆಳಗಿನವು. ಈ ನಕ್ಷೆಯನ್ನು ನೋಡಿ ನ್ಯೂರಲ್ ಜಾಲವು ಇದು ಯಾವ ಅಕ್ಷರವಿರಬಹುದು ಎಂದು ಊಹಿಸುತ್ತದೆ. ಒಂದರ ಹಿಂದೊಂದು ಬರುವ ಪದಗಳಲ್ಲಿ ಯಾವುದು ಹೆಚ್ಚು ಸಂಭವ ಎಂಬ ಇನ್ನೊಂದು ಲೆಕ್ಕ ಅದಕ್ಕೆ ನೆರವಾಗುತ್ತದೆ. ಕೊನೆಗೆ, ಹೇಳಿದವರು ಬಯಸಿದ್ದು ಅಲಾರಮ್ಮೋ ಕರೆಯೋ ಎಂಬುದು ತೀರ್ಮಾನವಾಗುತ್ತದೆ.

ಇಡೀ ಕೆಲಸ ನಿಂತಿರುವುದು ಊಹೆಯ ಮೇಲೆ. ಊಹೆ ಗಟ್ಟಿಯಾಗಬೇಕಾದರೆ ಯಂತ್ರ ಆ ಮಾತನ್ನು ಮೊದಲೇ ಬೇಕಾದಷ್ಟು ಕೇಳಿರಬೇಕು.

ಕುಂದಾಪ್ರ ಕನ್ನಡ ಆಡುವ ಕುಂದಾಪುರದವರಿಗೆ ತೊಡಕಾಗುವುದು ಇಲ್ಲೇ. ‘ನಾಳೆ ಮಳೆ ಬರುತ್ತದೆಯೇ’ ಎಂಬುದು ಪುಸ್ತಕದ ಕನ್ನಡ. ಮನೆಯ ಜಗಲಿಯಲ್ಲಿ ಕೇಳುವುದು ‘ನಾಳೆ ಮಳಿ ಬತ್ತಾ?’ ಎಂದು. ‘ಹೋಗಬೇಕು’ ಎಂಬುದು ‘ಹೋಯ್ಕ್’ ಆಗುತ್ತದೆ, ‘ಹೋಗುವುದು’ ಎಂಬುದು ‘ಹೋಪುದು’ ಆಗುತ್ತದೆ. ಪದದ ಕೊನೆಯ ಸ್ವರ ಬಿದ್ದುಹೋದಾಗ ಯಂತ್ರಕ್ಕೆ ಸಿಗುವ ಸುಳಿವೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಜೊತೆಗೆ ‘ಹೋಗಬೇಕು’ ಅಚ್ಚಾದ ಬರಹದಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ, ‘ಹೋಯ್ಕ್’ ಸಿಗುವುದು ಅಪರೂಪ. ಹಾಗಾಗಿ ಅನುಮಾನ ಬಂದಾಗಲೆಲ್ಲ ಯಂತ್ರ ತನಗೆ ಪರಿಚಯವಿರುವ ಪದದತ್ತಲೇ ವಾಲುತ್ತದೆ. ತ್ರಾಸಿ, ಉಪ್ಪುಂದ, ಅಮಾಸೆಬೈಲಿನಂಥ ಊರ ಹೆಸರುಗಳಿಗೂ ಇದೇ ಪಾಡು ಬರಬಹುದು. ಶಾಲೆಯ ಕನ್ನಡ ರೂಢಿಯಿರುವ ಮಕ್ಕಳು ಮಾತು ಬದಲಿಸಿಕೊಂಡು ಕೆಲಸ ಸಾಧಿಸುತ್ತಾರೆ. ಈ ಸೌಲಭ್ಯದ ಅಗತ್ಯ ಹೆಚ್ಚಿರುವುದು ಓದುಬರಹ ಕಡಿಮೆಯಿರುವ ಹಿರಿಯರಿಗೆ. ಹಿಂದೆ ಉಳಿಯುವವರೂ ಅವರೇ.

ಕನ್ನಡಕ್ಕೇ ಈ ಸವಲತ್ತು ತಡವಾಗಿ ಬಂತು. ಐಫೋನಿನಲ್ಲಿ ಸಿರಿ ಎಂಬ ಅಸಿಸ್ಟೆಂಟ್ ಕಾಣಿಸಿಕೊಂಡದ್ದು 2011ರಲ್ಲಿ. ಗೂಗಲ್ಲಿನ ಧ್ವನಿ ಟೈಪಿಂಗ್ ಕನ್ನಡವೂ ಸೇರಿ ಎಂಟು ಭಾರತೀಯ ಭಾಷೆಗಳಿಗೆ ವಿಸ್ತರಿಸಿದ್ದು 2017ರ ಆಗಸ್ಟಿನಲ್ಲಿ. 2022ರಲ್ಲಿ ಹೊರಬಂದ ‘ವಿಸ್ಪರ್’ ಎಂಬ ಹೆಸರಾಂತ ಧ್ವನಿ ಮಾದರಿಗೆ ಕಲಿಸಲು ಬಳಸಿದ್ದು 6,80,000 ಗಂಟೆಗಳ ಧ್ವನಿ. ಅದರಲ್ಲಿ ಮೂರನೇ ಎರಡರಷ್ಟು ಇಂಗ್ಲಿಷಿನದು. ಕನ್ನಡದ ಪಾಲು ತೀರಾ ಚಿಕ್ಕದು.

ಈ ಕೊರತೆ ತುಂಬುವ ಕೆಲಸ ನಮ್ಮಲ್ಲೇ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನೊಂದಿಗೆ 2022ರ ಕೊನೆಯಲ್ಲಿ ಪ್ರಕಟಿಸಿದ ‘ವಾಣಿ’ ಯೋಜನೆ ಭಾಷೆಗಳ ಪಟ್ಟಿ ಹಿಡಿದು ಹೊರಡಲಿಲ್ಲ, ಜಿಲ್ಲೆಗಳ ಪಟ್ಟಿ ಹಿಡಿಯಿತು. ದೇಶದ 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ಗಂಟೆಗಳ ಮಾತು ಸಂಗ್ರಹಿಸುವುದು ಅದರ ಗುರಿ. ಜನರಿಗೆ ಚಿತ್ರ ತೋರಿಸಿ, ಕಂಡದ್ದನ್ನು ಅವರವರ ಮಾತಿನಲ್ಲೇ ಹೇಳಿಸುತ್ತಾರೆ. ಬರೆದದ್ದನ್ನು ಓದಿಸಿದರೆ ಉಚ್ಚಾರ ಮಾತ್ರ ಸಿಗುತ್ತದೆ, ಚಿತ್ರ ತೋರಿಸಿದರೆ ಆಡುಮಾತೇ ಹೊರಬರುತ್ತದೆ. 2023ರಲ್ಲಿ ‘ಕಾರ್ಯ’ ಸಂಸ್ಥೆಯ ಆ್ಯಪಿಗೆ ಕರ್ನಾಟಕದ ಹಳ್ಳಿಗಳ ಜನ ಕನ್ನಡ ವಾಕ್ಯಗಳನ್ನು ಓದಿಹೇಳಿದ್ದರು. ಕ್ಷಯರೋಗದ ಮಾಹಿತಿ ನೀಡುವ ಚಾಟ್‌ಬಾಟ್ ರೂಪಿಸುವುದು ಅದರ ಉದ್ದೇಶ. ಹಳ್ಳಿಯವರಿಗೆ ಅದರಿಂದ ಸಂಭಾವನೆಯೂ ಸಿಕ್ಕಿತು. ಕೇಂದ್ರ ಸರ್ಕಾರದ ‘ಭಾಷಿಣಿ’ ಭಾಷಾ ಯೋಜನೆಯಲ್ಲಿ ‘ಭಾಷಾದಾನ’ ಎಂಬ ವಿಭಾಗವಿದ್ದು, ಅಲ್ಲಿ ಯಾರು ಬೇಕಾದರೂ ಕನ್ನಡ ಧ್ವನಿ ನೀಡಬಹುದು.

ಧ್ವನಿ ಕೊಡುವಾಗ ಗೌಪ್ಯತೆಯ ಬಗ್ಗೆಯೂ ಕಾಳಜಿ ಇರಬೇಕು. ಸಿರಿಯ ರೆಕಾರ್ಡಿಂಗುಗಳನ್ನು ಗುತ್ತಿಗೆ ನೌಕರರು ಆಲಿಸುತ್ತಿದ್ದರೆಂಬುದು ಹೊರಬಿದ್ದು, 2019ರಲ್ಲಿ ಆ್ಯಪಲ್ ಕ್ಷಮೆ ಕೇಳಬೇಕಾಯಿತು. ಅಸಿಸ್ಟೆಂಟಿನ ಸೆಟ್ಟಿಂಗಿನಲ್ಲಿ ಧ್ವನಿ ದಾಖಲೆಯನ್ನು ಅಳಿಸುವ, ಉಳಿಸದಿರುವ ಆಯ್ಕೆಗಳಿವೆಯೇ ಎಂದು ನೋಡಿಕೊಳ್ಳಿ. ಒಟಿಪಿ, ಪಿನ್‌ಗಳನ್ನು ಬಾಯಿಬಿಟ್ಟು ಹೇಳಬೇಡಿ.

2019ರಿಂದ ಪ್ರತಿವರ್ಷ ಆಷಾಢ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನ ನಡೆಯುತ್ತಾ ಬಂದಿದೆ. ಅಂದು ಭಾಷಣ, ಹಾಡು, ಹಾಸ್ಯದ ಜೊತೆಗೆ ಇನ್ನೊಂದು ಕೆಲಸವೂ ಆಗಲಿ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಾಲೇಜು ವಿದ್ಯಾರ್ಥಿಗಳು ತಮ್ಮ ಮನೆಯ, ಕೇರಿಯ ಹಿರಿಯರ ಒಪ್ಪಿಗೆ ಪಡೆದು ಬೇಸಾಯ, ಮೀನು, ಅಡುಗೆ, ಮಳೆಯ ಬಗ್ಗೆ ಅವರ ಮಾತನ್ನು ರೆಕಾರ್ಡ್ ಮಾಡಲಿ. ಹೇಳಿದ್ದನ್ನು ಹೇಳಿದಂತೆಯೇ ಬರೆದಿಟ್ಟು ಸಂಶೋಧಕರಿಗೆ ಒದಗಿಸಲಿ. ಈ ಕೆಲಸಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಒಂದು ಫೋನು, ಸದ್ದಿಲ್ಲದ ಒಂದು ಕೋಣೆ, ಕೇಳಿಸಿಕೊಳ್ಳುವ ತಾಳ್ಮೆ ಇದ್ದರೆ ಇವತ್ತೇ ಆರಂಭಿಸಬಹುದು.